ವರ್ತನೆಯ ಲೆಕ್ಕ

ವಿಂಡೋಸ್ 3.1 ಹಾಕಿದ ಕಂಪ್ಯೂಟರಿಗೆ ಇಂಟರ್ನೆಟ್ಟಿನ ಗಂಧವೇ ಇರಲಿಲ್ಲ. ಮೋಡೆಮ್ ತಂದು ಫೋನಿನ ತಂತಿಗೆ ಸಿಕ್ಕಿಸಿದರೂ, ಆಚೆಯ ಯಂತ್ರಗಳೊಂದಿಗೆ ಮಾತಾಡಲು ಬೇಕಾದ ಟಿಸಿಪಿ-ಐಪಿ ಎಂಬ ನುಡಿ ಅದಕ್ಕೆ ಬರುತ್ತಿರಲಿಲ್ಲ. ಅದನ್ನು ಕಲಿಸುತ್ತಿದ್ದದ್ದು ಟ್ರಂಪೆಟ್ ವಿನ್‌ಸಾಕ್ ಎಂಬ ತಂತ್ರಾಂಶ. ಒಂದೇ ಫ್ಲಾಪಿಯಲ್ಲಿ ಹಿಡಿಸುವಷ್ಟು ಚಿಕ್ಕದು. ಬರೆದವರು ಟಾಸ್ಮೇನಿಯಾದ ಪೀಟರ್ ಟ್ಯಾಟಮ್. 90ರ ದಶಕದ ನಡುವೆ ಇಂಟರ್ನೆಟ್ಟಿಗೆ ಕಾಲಿಟ್ಟ ನನ್ನಂಥ ಬಹಳ ಮಂದಿ ಒಳಹೊಕ್ಕದ್ದು ಈತ ತೆರೆದ ಬಾಗಿಲಿನಿಂದಲೇ.

ಸಲೀಸಾದ ಬಾಗಿಲೇನಲ್ಲ. ಐಪಿ ವಿಳಾಸ, ನೇಮ್ ಸರ್ವರ್, ಮೋಡೆಮ್ ಯಾವ ಪೋರ್ಟಿನಲ್ಲಿದೆ, ಅದರ ವೇಗವೆಷ್ಟು, ಎಲ್ಲವನ್ನೂ ಚೀಟಿ ನೋಡಿಕೊಂಡು ತುಂಬಬೇಕು. ಲಾಗಿನ್ ಸ್ಕ್ರಿಪ್ಟಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಮೋಡೆಮ್ ಒಂದಿಷ್ಟು ಕಿರುಚಿ ಸುಮ್ಮನಾಗುತ್ತಿತ್ತು. ಮೆಲ್ಬರ್ನಿನಲ್ಲಿ ಆಗ ಲೋಕಲ್ ಕರೆಗೆ 25 ಸೆಂಟು, ಎಷ್ಟು ಹೊತ್ತಾದರೂ ಅಷ್ಟೇ. ಹಾಗಾಗಿ ಒಮ್ಮೆ ಲೈನು ಸಿಕ್ಕಿತೆಂದರೆ ಬಿಡಲು ಮನಸ್ಸು ಬಾರದು. ಮನೆಗೆ ಬೇರೆ ಯಾರ ಫೋನೂ ಬಾರದು.

ತಂತ್ರಾಂಶ ತೆರೆದಾಗಲೆಲ್ಲ ಲೇಖಕನ ಹೆಸರು ಕಾಣುತ್ತಿತ್ತು, ಜೊತೆಗೆ ಇದು ನೋಂದಣಿಯಾಗದ ಪ್ರತಿ ಎಂಬ ಸೂಚನೆ. ಷರತ್ತು ಸರಳ: 30 ದಿನ ಬಳಸಿ ನೋಡಿ, ಮುಂದೆಯೂ ಬೇಕಾದರೆ 25 ಅಮೆರಿಕನ್ ಡಾಲರ್ ಕಳಿಸಿ. ನಮ್ಮಲ್ಲಿದ್ದ ಪ್ರತಿ ಹಣ ಕಳಿಸದಿದ್ದರೂ ಕೆಲಸ ನಿಲ್ಲಿಸುತ್ತಿರಲಿಲ್ಲ. ಇದಕ್ಕೆ ಶೇರ್‌ವೇರ್ ಎಂದು ಹೆಸರು.

ಕೊಡಬೇಕೇ, ಬೇಡವೇ? ನಮ್ಮ ಗೆಳೆಯನೊಬ್ಬ ಬೇಡವೆಂದು ಬಲವಾಗಿ ವಾದಿಸುತ್ತಿದ್ದ. ನಕಲು ಮಾಡಿದರೆ ಮೂಲ ಕರಗುವುದಿಲ್ಲ, ಯಾರ ಜೇಬಿನಿಂದಲೂ ಏನೂ ಹೋಗಲಿಲ್ಲ, ಮೇಲಾಗಿ ಫ್ಲಾಪಿ ಕೊಟ್ಟದ್ದು ಇಂಟರ್ನೆಟ್ ಕಂಪನಿ, ಅವರಿಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದೇವಲ್ಲ! ತರ್ಕದಲ್ಲಿ ಬಿರುಕು ಹುಡುಕುವುದು ಕಷ್ಟ. ಆದರೆ ನನ್ನ ಹೆಂಡತಿ ಚನ್ನರಾಯಪಟ್ಟಣದವಳು, ತರ್ಕದ ತಂಟೆಗೇ ಹೋಗಲಿಲ್ಲ. “ಇದು ವರ್ತನೆ ಹೂವಿನ ಹಾಗಲ್ವೇನ್ರೀ? ಅವಳು ಬಾಗಿಲಿಗೆ ಸಿಕ್ಕಿಸಿ ಹೋಗಿರ್ತಾಳೆ, ನಾವು ಮುಡ್ಕೊಂಡಿರ್ತೀವಿ. ತಿಂಗಳ ಕೊನೇಲಿ ಬಂದಾಗ ‘ನಾನೇನು ಕೇಳಿದ್ನಾ’ ಅನ್ನಕ್ಕಾಗುತ್ತಾ?” ಹಣ ಹೋಯಿತು. ವಿದ್ಯಾರ್ಥಿ ವೇತನದ ಸಂಸಾರಕ್ಕೆ ಅದು ಒಂದು ವಾರದ ಹಾಲು, ತರಕಾರಿ.

ಆ ಮಾತನ್ನು ಇಷ್ಟು ವರ್ಷ ಮೆಲುಕು ಹಾಕಿದ್ದೇನೆ. ನಮ್ಮ ಕಡೆ ಅರವಟ್ಟಿಗೆಯೂ ಇತ್ತು, ವರ್ತನೆಯೂ ಇತ್ತು. ಅರವಟ್ಟಿಗೆಯಲ್ಲಿ ನೀರು ಕುಡಿದವನು ಲೆಕ್ಕ ಇಡಬೇಕಾಗಿಲ್ಲ. ಕೊಡುವವನೇ ಲೆಕ್ಕ ಬಿಟ್ಟಿದ್ದಾನೆ. ವರ್ತನೆಯಲ್ಲಿ ಕೊಡುವವಳು ಲೆಕ್ಕ ಬಿಟ್ಟಿಲ್ಲ, ಅದನ್ನು ನಮ್ಮ ನಂಬಿಕೆಗೆ ಒಪ್ಪಿಸಿದ್ದಾಳೆ. ಎರಡರಲ್ಲೂ ಆ ಕ್ಷಣಕ್ಕೆ ಕೈಯಿಂದ ಕಾಸು ಬಿಚ್ಚುವುದಿಲ್ಲ, ಅದಕ್ಕೇ ಒಂದನ್ನು ಇನ್ನೊಂದೆಂದು ಭಾವಿಸುವುದು ಬಹಳ ಸುಲಭ, ಬಹಳ ಅನುಕೂಲ ಕೂಡ. (ನಡತೆಗೂ ನಾವು ವರ್ತನೆ ಎಂದೇ ಅನ್ನುತ್ತೇವೆ.) ಶೇಷಾದ್ರಿವಾಸು ಅಮೆರಿಕದಲ್ಲಿದ್ದುಕೊಂಡು 1998ರಲ್ಲಿ ‘ಬರಹ’ವನ್ನು ಉಚಿತವಾಗಿ ಕೊಟ್ಟರು. ನಾವು ಪರದೇಶದ ಕನ್ನಡಿಗರು ಊರಿಗೆ ಕನ್ನಡದಲ್ಲಿ ಕಾಗದ ಟೈಪು ಮಾಡಿದ್ದು ಅದರಿಂದ. ಅದು ಅರವಟ್ಟಿಗೆ. ಎಷ್ಟೋ ವರ್ಷಗಳ ಮೇಲೆ ಅದಕ್ಕೆ ಬೆಲೆ ಬಂದಾಗ ನನ್ನ ಪರಿಚಯದವರೇ ಕೆಲವರು ಗೊಣಗಿದರು. ಪುಕ್ಕಟೆ ನೀರು ಕುಡಿದವನಿಗೆ ಬಾವಿಯೇ ತನ್ನದೆನಿಸಿಬಿಡುತ್ತದೆ.

ಗೆಳೆಯನ ಕಡೆಗೂ ಒಂದು ಮಾತಿದೆ, ಅದನ್ನು ನಾನು ತಳ್ಳಿಹಾಕಲಾರೆ. 1995ರ ಆಗಸ್ಟ್ 15ರಂದು ಭಾರತದಲ್ಲಿ ವಿಎಸ್‌ಎನ್‌ಎಲ್ ಇಂಟರ್ನೆಟ್ಟನ್ನು ಜನರಿಗೆ ತೆರೆಯಿತು. ಅಲ್ಲಿನ ಒಬ್ಬ ವಿದ್ಯಾರ್ಥಿ 25 ಡಾಲರನ್ನು ಟಾಸ್ಮೇನಿಯಾಕ್ಕೆ ಕಳಿಸುವುದು ಹೇಗೆ? ದುಡ್ಡಿಲ್ಲ ಎನ್ನುವುದಿರಲಿ, ಕಳಿಸುವ ದಾರಿಯೇ ದುಸ್ತರ. ಅವನನ್ನು ಕಳ್ಳ ಎನ್ನಲು ನನಗೆ ಬಾಯಿ ಬಾರದು. ಹೂವಿನವಳೂ “ಮುಂದಿನ ತಿಂಗಳು ಕೊಡ್ರವ್ವ” ಎಂದು ಹೋದದ್ದುಂಟು. ಆದರೆ ‘ಕೊಡಲಾರೆ’ ಎನ್ನುವವನ ಮನೆಯಲ್ಲಿ ಲೆಕ್ಕ ಉಳಿದಿರುತ್ತದೆ. ‘ಕೊಡಬೇಕಾದ್ದೇ ಇಲ್ಲ’ ಎನ್ನುವವನು ಲೆಕ್ಕದ ಪುಸ್ತಕವನ್ನೇ ಹರಿದಿರುತ್ತಾನೆ. ನನ್ನ ತಕರಾರು ಈ ಎರಡನೆಯವನ ಮೇಲೆ.

ಅವನು ಬಡವನೇ ಆಗಿರಬೇಕೆಂದಿಲ್ಲ. ಆಸ್ಟ್ರೇಲಿಯಾದ ಇಂಟರ್ನೆಟ್ ಕಂಪನಿಯೊಂದು ಇದೇ ತಂತ್ರಾಂಶವನ್ನು ಲೇಖಕನ ಒಪ್ಪಿಗೆಯಿಲ್ಲದೆ ಪತ್ರಿಕೆಗಳ ಜೊತೆ ಹಂಚಿ, 1996ರಲ್ಲಿ ಪ್ರಕರಣ ಫೆಡರಲ್ ಕೋರ್ಟಿನಲ್ಲಿ ತೀರ್ಮಾನವಾಯಿತು. ಶೇರ್‌ವೇರ್ ಎಂದ ಮಾತ್ರಕ್ಕೆ ಷರತ್ತು ಇಲ್ಲವೆಂದಲ್ಲ ಎಂದು ನ್ಯಾಯಾಲಯ ಹೇಳಿತು. ಹೇಳುವ ಹೊತ್ತಿಗೆ ವಿಂಡೋಸ್ 95 ಬಂದಾಗಿತ್ತು. ಅದರಲ್ಲಿ ಟಿಸಿಪಿ-ಐಪಿ ಹುಟ್ಟಿನಿಂದಲೇ ಇತ್ತು, ಟ್ರಂಪೆಟ್ಟಿನ ಅಗತ್ಯ ಕರಗುತ್ತ ಹೋಯಿತು.

2011ರಲ್ಲಿ ಯಾರೋ ಈ ಹಳೆಯ ಬಾಕಿಯನ್ನು ನೆನಪಿಸಿದರು. ಹಲವು ದೇಶಗಳಿಂದ ಜನ ಟ್ಯಾಟಮ್ ಅವರಿಗೆ ಹಣ ಕಳಿಸಿದರು. ಹೂವು ಬಾಡಿ ಹದಿನೈದು ವರ್ಷವಾದ ಮೇಲೆ ಕೊಟ್ಟದ್ದನ್ನು ವರ್ತನೆ ಎನ್ನಬೇಕೋ ಕಾಣಿಕೆ ಎನ್ನಬೇಕೋ? ನಾನು ವರ್ತನೆ ಎಂದೇ ಅನ್ನುತ್ತೇನೆ. ಕಾಣಿಕೆ ಎಂದರೆ ಕೊಟ್ಟವನು ದೊಡ್ಡವನಾಗಿಬಿಡುತ್ತಾನೆ.

ಅಲ್ಲಿಯಾದರೂ ಒಂದು ಹೆಸರಿತ್ತು, ಒಂದು ಮೊತ್ತವಿತ್ತು. ಈಗ ನನ್ನ ಫೋನಿನ ಸೆಟ್ಟಿಂಗ್ಸಿನ ಒಳಗೆಲ್ಲೋ ಲೈಸೆನ್ಸುಗಳ ಪಟ್ಟಿಯೊಂದಿದೆ. ತಳ್ಳಿದಷ್ಟೂ ಹೆಸರುಗಳು ಮೇಲೆ ಬರುತ್ತವೆ. ಇವರಲ್ಲಿ ಯಾರು ಅರವಟ್ಟಿಗೆ ಇಟ್ಟವರು, ಯಾರು ಬಾಗಿಲಿಗೆ ಹೂವು ಸಿಕ್ಕಿಸಿ ಹೋದವರು ಎಂದು ಒಂದು ಸಂಜೆ ಕೂತು ನೋಡತೊಡಗಿದೆ. ಬೆರಳು ನೋಯುವವರೆಗೂ ಪಟ್ಟಿ ಮುಗಿಯಲಿಲ್ಲ.