ಊಟ ಬಲ್ಲವರು, ಮಾತು ಬಲ್ಲವರು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಶಾಲೆಯಲ್ಲಿ ‘ಗಾದೆ ವಿಸ್ತರಿಸಿ’ ಎಂದಾಗ ನಾವೆಲ್ಲ ಇದಕ್ಕೆ ಎರಡು ಪ್ಯಾರಾ ಬರೆದವರೇ. ಹಿತಮಿತವಾಗಿ ಉಣ್ಣಬೇಕು ಎಂದು ಒಂದು, ಮೃದುವಾಗಿ ಮಾತಾಡಬೇಕು ಎಂದು ಇನ್ನೊಂದು. ಊಟಕ್ಕೂ ಮಾತಿಗೂ ಏನು ನಂಟು, ಎರಡನ್ನೂ ಹಿರಿಯರು ಒಂದೇ ಉಸಿರಿನಲ್ಲಿ ಏಕೆ ಹೇಳಿದರು ಎಂದು ಯಾರೂ ಕೇಳಲಿಲ್ಲ. ತಿಂಗಳ ಸಂಬಳವಿಲ್ಲದೆ, ಹಿಡಿದ ಕೆಲಸಕ್ಕೆ ಇಷ್ಟು ಎಂದು ದುಡಿದು ಬದುಕುವವರ ಪಾಡು ನೋಡಿದ ಮೇಲೆ ಆ ನಂಟು ನನಗೆ ಕಾಣತೊಡಗಿತು. ತನ್ನ ಊಟ ಎಷ್ಟೆಂದು ಗೊತ್ತಿಲ್ಲದವನಿಗೆ ಮಾತೂ ಒಲಿಯುವುದಿಲ್ಲ.

ಇಂಥವರು ಈಗ ಶಿವಮೊಗ್ಗದ ವಿನೋಬನಗರದಲ್ಲೂ ಸಿಗುತ್ತಾರೆ, ಭದ್ರಾವತಿಯ ನ್ಯೂ ಟೌನ್‌ನಲ್ಲೂ ಸಿಗುತ್ತಾರೆ. ಅನುವಾದ, ಸಬ್‌ಟೈಟಲ್, ಆಟೋಕ್ಯಾಡ್ ಡ್ರಾಯಿಂಗ್, ಪುಟವಿನ್ಯಾಸ, ಕೋಡಿಂಗ್. ಗಿರಾಕಿ ಬೆಂಗಳೂರಿನಲ್ಲೋ ದುಬೈಯಲ್ಲೋ ಇರುತ್ತಾನೆ. ಒಂದು ಸಂಜೆ ಅವನಿಂದ ಮೇಲ್ ಬರುತ್ತದೆ, ಮುಂದಿನ ತಿಂಗಳಿಂದ ದರ ಇಷ್ಟು ಕಡಿಮೆ ಎಂದು. ಅದನ್ನು ಓದಿದವರು ಅದೇ ರಾತ್ರಿ ಎರಡರಲ್ಲೊಂದು ಮಾಡುತ್ತಾರೆ: ‘ಆಗಲಿ ಸಾರ್’ ಎಂದು ಒಪ್ಪಿಕೊಳ್ಳುತ್ತಾರೆ, ಇಲ್ಲವೇ ಸಿಟ್ಟಿನಲ್ಲಿ ನಾಲ್ಕು ಸಾಲು ಗೀಚಿ ಕಳಿಸುತ್ತಾರೆ. ಒಪ್ಪಿದವರಿಗೆ ತಾವು ಏನನ್ನು ಒಪ್ಪಿದೆವು ಎಂಬುದು ತಿಳಿದಿರುವುದಿಲ್ಲ. ಸಿಟ್ಟಾದವರಿಗೆ ಎಷ್ಟು ಸಿಕ್ಕರೆ ಸಿಟ್ಟು ಇಳಿಯಬೇಕು ಎಂಬುದೂ ತಿಳಿದಿರುವುದಿಲ್ಲ. ಇಬ್ಬರೂ ಲೆಕ್ಕ ಹಾಕಿಲ್ಲ.

ಲೆಕ್ಕ ಹಾಕಿ ನೋಡೋಣ. ಒಬ್ಬ ಅನುವಾದಕಿಗೆ ಪದಕ್ಕೆ 1 ರೂಪಾಯಿ 20 ಪೈಸೆ ದರ ಎಂದಿಟ್ಟುಕೊಳ್ಳಿ. ದಿನಕ್ಕೆ 2,000 ಪದದಂತೆ ತಿಂಗಳಲ್ಲಿ 20 ದಿನ ಕೂತರೆ 40,000 ಪದ, 48,000 ರೂಪಾಯಿ. ಕರೆಂಟು, ಇಂಟರ್ನೆಟ್ಟು, ಮಳೆಗಾಲದಲ್ಲಿ ಇಲ್ಲದೆ ಆಗದ ಇನ್ವರ್ಟರ್ ಬ್ಯಾಟರಿ, ಲ್ಯಾಪ್‌ಟಾಪಿನ ಸವಕಳಿ, ಆರೋಗ್ಯ ವಿಮೆ ಎಲ್ಲ ಸೇರಿ 12,000 ಹೋಯಿತು. ಮನೆಗೆ ಉಳಿದದ್ದು 36,000. ಈಗ ಗಿರಾಕಿ ದರವನ್ನು 90 ಪೈಸೆಗೆ ಇಳಿಸಿದ. ಬರುವುದು 36,000. ಖರ್ಚು ಮಾತ್ರ ಅದೇ 12,000. ಮನೆಗೆ 24,000. ಅವನು ಇಳಿಸಿದ್ದು ಕಾಲು ಭಾಗ, ಇವಳು ಕಳೆದುಕೊಂಡದ್ದು ಮೂರರಲ್ಲೊಂದು ಭಾಗ. ‘ಸ್ವಲ್ಪ ಜಾಸ್ತಿ ಕೆಲಸ ಮಾಡಿದರಾಯಿತು’ ಎಂದು ಹೊರಟರೆ ಮೊದಲಿನ ದುಡ್ಡು ಬರಲು 53,000ಕ್ಕೂ ಮೀರಿ ಪದ ಬೇಕು. 20 ದಿನದ ಕೆಲಸ 27 ದಿನಕ್ಕೆ ಬೆಳೆಯಿತು, ಭಾನುವಾರಗಳೂ ಹೋದವು. ಬೆನ್ನುನೋವು, ಕಣ್ಣುರಿ, ಅವಸರದಲ್ಲಿ ಉಳಿದ ತಪ್ಪುಗಳು, ಆ ತಪ್ಪುಗಳನ್ನೇ ತೋರಿಸಿ ಮತ್ತೊಮ್ಮೆ ದರ ಇಳಿಸಲು ಸಿಕ್ಕ ನೆಪ. ಗಾದೆ ಹೇಳುವ ರೋಗ ಬರುವುದು ಹೀಗೆ.

ಅದೇ ಲೆಕ್ಕದಲ್ಲಿ ಇನ್ನೊಂದು ಅಂಕಿಯೂ ಇದೆ. ಈ ಮನೆ ನಡೆಯಲು 30,000 ಬೇಕೇ ಬೇಕು ಎಂದಾದರೆ, ಖರ್ಚಿನ 12,000 ಸೇರಿಸಿ 40,000 ಪದಕ್ಕೆ ಹಂಚಿದರೆ ಪದಕ್ಕೆ 1 ರೂಪಾಯಿ 5 ಪೈಸೆ. ಅದು ಅವಳ ಊಟ. 1 ರೂಪಾಯಿ 10 ಪೈಸೆಗೆ ಮಾತಿಗೆ ಕೂರಬಹುದು, 90 ಪೈಸೆಗೆ ಕೂರುವ ಪ್ರಶ್ನೆಯೇ ಇಲ್ಲ. ನಮ್ಮಲ್ಲಿ ಊಟ ಬಲ್ಲವರೆಂದರೆ ನನಗೆ ಮೊದಲು ನೆನಪಾಗುವುದು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಚ್ಚಾದದ್ದನ್ನು ವಾಪಸು ಸುರಿದು ಬಾ ಎಂದು ಕಳಿಸಿದವಳು. ಸಾಕು ಎಂಬ ಗೆರೆ ಅಷ್ಟು ಖಚಿತವಾಗಿ ಗೊತ್ತಿದ್ದವಳಿಗೆ ಸಾಲದು ಎಂಬ ಗೆರೆಯೂ ಗೊತ್ತಿರುತ್ತದೆ. ಅಂಥವಳನ್ನು ಯಾರೂ ಹೆದರಿಸಲಾರರು, ಯಾರೂ ಪುಸಲಾಯಿಸಲಾರರು.

ದರ ಇಳಿಸಿದ್ದು ಕಣ್ಣಿಗೆ ಕಾಣುವಂತಿದ್ದರೆ ಲೆಕ್ಕವಾದರೂ ಹಾಕಬಹುದು. ಕಾಣದ ಹಾಗೆ ಇಳಿಸುವ ಹಳೆಯ ದಾರಿಯೊಂದಿದೆ, ಅದು ಈ ಜಿಲ್ಲೆಯವರಿಗೆ ಚೆನ್ನಾಗಿ ಗೊತ್ತಿರಬೇಕು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತ ಕಾರಣಗಳಲ್ಲಿ ಮುಖ್ಯವಾದದ್ದು ಭತ್ತ ಅಳೆಯುವ ಕೊಳಗ. ಗೇಣಿಯ ಕರಾರಿನಲ್ಲಿ ಇಷ್ಟು ಕೊಳಗ ಎಂದೇ ಇರುತ್ತಿತ್ತು, ಅಳೆಯುವ ಹೊತ್ತಿಗೆ ಒಡೆಯರ ಮನೆಯಿಂದ ಬರುತ್ತಿದ್ದ ಕೊಳಗ ಮಾತ್ರ ದೊಡ್ಡದು. ಕರಾರು ಮುರಿದರು ಎನ್ನುವಂತಿಲ್ಲ, ಭತ್ತ ಮಾತ್ರ ಹೆಚ್ಚು ಹೋಗುತ್ತಿತ್ತು. ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರಾದ ದೀವರು ಸತ್ಯಾಗ್ರಹಕ್ಕಿಳಿದರು, ರಾಮಮನೋಹರ ಲೋಹಿಯಾ ಇಲ್ಲಿಗೇ ಬಂದು ಬಂಧನಕ್ಕೊಳಗಾದರು.

ಆ ಕೊಳಗ ಇವತ್ತಿನ ಕೆಲಸದಲ್ಲೂ ಇದೆ. ದರ ಅದೇ, ಆದರೆ ‘ಎರಡು ಸಲ ತಿದ್ದಿಕೊಡಿ’ ಎಂದಿದ್ದದ್ದು ಐದು ಸಲವಾಗುತ್ತದೆ. ಪುಟವಿನ್ಯಾಸದ ಜೊತೆಗೆ ಮುಖಪುಟವನ್ನೂ ‘ಹಾಗೇ ಒಂದು’ ಮಾಡಿಕೊಡಬೇಕು. ಯಂತ್ರಾನುವಾದದ ಕಚ್ಚಾ ಪಠ್ಯ ಕೈಗಿಟ್ಟು, ಬರೀ ತಿದ್ದುವುದು ತಾನೇ ಎಂದು ಅರ್ಧ ದರ ಹೇಳುತ್ತಾರೆ. ತಿದ್ದುವ ಹೊತ್ತು ಎಷ್ಟೋ ಸಲ ಹೊಸದಾಗಿ ಬರೆಯುವ ಹೊತ್ತಿಗೆ ಸಮವಾಗಿರುತ್ತದೆ. ಮೂವತ್ತು ದಿನಕ್ಕೆ ಬರುತ್ತಿದ್ದ ಹಣ ತೊಂಬತ್ತು ದಿನಕ್ಕೆ ಜಾರುತ್ತದೆ. ಇದನ್ನೆಲ್ಲ ಸಂಬಂಧ ಉಳಿಯಲಿ ಎಂದು ಸಹಿಸಿಕೊಂಡವರು, ನೇರವಾಗಿ ದರ ಇಳಿಸಿದ ದಿನ ಮಾತ್ರ ಸಿಡಿಯುತ್ತಾರೆ. ನನ್ನ ಮಟ್ಟಿಗೆ ಕೊಳಗ ಹಿಗ್ಗಿದ ದಿನವೇ ಕೇಳುವುದು ಹೆಚ್ಚು ಅಗತ್ಯ. ಅವತ್ತು ಕೇಳಿದರೆ ಒಂದು ಸಾಲಿನಲ್ಲಿ ಮುಗಿಯುತ್ತದೆ.

ಹೇಗೆ ಕೇಳುವುದು? ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶವಿದೆ. ಫೌಂಡ್ರಿಗಳ ಎರಕದ ಬಿಡಿಭಾಗಗಳಿಗೆ ಜಾಬ್ ವರ್ಕ್ ಮಾಡುವ ಕಸುಬು ಈ ಭಾಗದಲ್ಲಿ ಹಳೆಯದು, ಅಲ್ಲಿ ದರದ ಚೌಕಾಶಿಯೂ ಅಷ್ಟೇ ಹಳೆಯದು. ಪೀಸಿಗೆ ಎರಡು ರೂಪಾಯಿ ಇಳಿಸಿ ಎಂದರೆ ನುರಿತ ಲೇತ್ ಮಾಲೀಕ ಕೂಗಾಡುವುದಿಲ್ಲ. ‘ಇಳಿಸೋಣ. ಹಾಗಾದ್ರೆ ಟೂಲ್ ನಿಮ್ದು, ಸಾಗಾಟ ನಿಮ್ದು, ದುಡ್ಡು ಹದಿನೈದು ದಿನಕ್ಕೆ’ ಎನ್ನುತ್ತಾನೆ. ಅಳತೆಯ ಸೂಕ್ಷ್ಮ ಸ್ವಲ್ಪ ಸಡಿಲಿಸಿದರೆ ಯಂತ್ರದ ಹೊತ್ತು ಉಳಿಯುತ್ತದೆ ಎಂದೂ ಡ್ರಾಯಿಂಗ್ ಮೇಲೆ ಬೆರಳಿಟ್ಟು ತೋರಿಸುತ್ತಾನೆ. ಗಿರಾಕಿಗೆ ನಿಜವಾಗಿ ದುಡ್ಡಿನ ಮುಗ್ಗಟ್ಟಿದ್ದರೆ ಅವನು ಇದರಲ್ಲಿ ಒಂದನ್ನು ಆರಿಸಿಕೊಳ್ಳುತ್ತಾನೆ. ಬರೀ ಒತ್ತಿ ನೋಡಲು ಬಂದವನಾದರೆ ಹಳೆಯ ದರಕ್ಕೇ ಮರಳುತ್ತಾನೆ. ಕಂಪ್ಯೂಟರಿನ ಮುಂದೆ ಕೂತು ದುಡಿಯುವವರು ಕಲಿಯಬೇಕಾದ ಮಾತು ಇದು: ದರ ಇಳಿದರೆ ಕೆಲಸವೂ ಅಷ್ಟೇ ಇಳಿಯಬೇಕು. ಒಂದೇ ಸಲ ತಿದ್ದುಪಡಿ, ತುರ್ತು ಕೆಲಸವಿಲ್ಲ, ಮುಂಗಡ ಅರ್ಧ. ಅದೇ ಕೆಲಸ, ಅದೇ ಗಡುವು, ಕಡಿಮೆ ದುಡ್ಡು ಎಂಬುದನ್ನು ಒಮ್ಮೆ ಒಪ್ಪಿದರೆ, ಇಷ್ಟು ದಿನ ತೆಗೆದುಕೊಂಡದ್ದು ಹೆಚ್ಚಾಗಿತ್ತು ಎಂದು ನಾವೇ ಬರೆದುಕೊಟ್ಟಂತೆ.

ಒಪ್ಪಿಕೊಂಡು ಶುರುಮಾಡಿದ ಕೆಲಸಕ್ಕೆ ಹೊಸ ದರ ಅಂಟುವುದಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡಬೇಕು. 1872ರ ಕರಾರು ಕಾಯ್ದೆಯ ಪ್ರಕಾರ ಕರಾರು ಬದಲಾಗಲು ಎರಡೂ ಕಡೆಯವರ ಒಪ್ಪಿಗೆ ಬೇಕು. ಹಣ ತಡವಾಗುವುದಕ್ಕೂ ಮದ್ದಿದೆ. ಸಣ್ಣ ಉದ್ಯಮಗಳಿಗಾಗಿ ಇರುವ ಸರ್ಕಾರದ ಉದ್ಯಮ್ ನೋಂದಣಿಗೆ ದುಡ್ಡು ಕೊಡಬೇಕಿಲ್ಲ, ಒಬ್ಬಂಟಿ ಸೇವಾ ಉದ್ಯಮಿಯೂ ಮಾಡಿಸಬಹುದು. ಮಾಡಿಸಿಕೊಂಡವರಿಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಆಸರೆಯಿದೆ: ದೇಶದೊಳಗಿನ ಗಿರಾಕಿ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದನ್ನು ಬೆದರಿಕೆಯಾಗಿ ಎತ್ತಬೇಕಿಲ್ಲ. ಇನ್‌ವಾಯ್ಸ್‌ನಲ್ಲಿ ಉದ್ಯಮ್ ಸಂಖ್ಯೆ ಮುದ್ರಿಸಿದರೆ ಅದೇ ಮಾತಾಡುತ್ತದೆ.

ಆದರೆ ಎಂಥ ಮಾತು ಬಲ್ಲವನಿಗೂ ಒಬ್ಬನೇ ಗಿರಾಕಿಯಿದ್ದರೆ ನಾಲಗೆ ಏಳುವುದಿಲ್ಲ. ಭದ್ರಾವತಿ ಇದನ್ನು ಊರಿಗೆ ಊರೇ ಅನುಭವಿಸಿದೆ. 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಿತು, 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆ ಹುಟ್ಟಿತು. ಅಂಗಡಿ, ಹೋಟೆಲು, ಟ್ಯೂಷನ್ನು, ಗುತ್ತಿಗೆ, ಎಲ್ಲಕ್ಕೂ ಈ ಎರಡೇ ಆಧಾರ. ಕಾಗದದ ಕಾರ್ಖಾನೆಯಾದ ಎಂಪಿಎಂ ನಿಂತಿತು. ಕಬ್ಬಿಣದ ಕಾರ್ಖಾನೆಯಾದ ವಿಐಎಸ್‌ಎಲ್ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಬಂದಾಗ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಅವರಲ್ಲಿ ಕಸುಬಿನ ಕೊರತೆಯಿರಲಿಲ್ಲ, ಮಾತಿನ ಕೊರತೆಯೂ ಇರಲಿಲ್ಲ. ಹೋಗಲು ಇನ್ನೊಂದು ಬಾಗಿಲು ಇರಲಿಲ್ಲ. ಮನೆಯಲ್ಲಿ ಕೂತು ದುಡಿಯುವವರಿಗೆ ಆ ಬಾಗಿಲು ತೆರೆದುಕೊಳ್ಳುವ ಅವಕಾಶವಿದೆ. ವರಮಾನದ ಅರ್ಧಕ್ಕಿಂತ ಹೆಚ್ಚು ಒಬ್ಬನಿಂದಲೇ ಬರುತ್ತಿದ್ದರೆ, ದರ ಇಳಿಕೆಯ ಮೇಲ್ ಬರುವ ಮೊದಲೇ ಎರಡನೆಯವನನ್ನು ಹುಡುಕಬೇಕು. ಬಂದ ಮೇಲೆ ಹುಡುಕಿದರೆ ಸಿಕ್ಕ ದರಕ್ಕೆ ಸಿಗುತ್ತಾನೆ. ಕೈಯಲ್ಲಿ ಮೂರು ತಿಂಗಳ ಮನೆಖರ್ಚು ಇದ್ದರೆ ಇಷ್ಟು ಮಾತು ಹೇಳಲು ಧೈರ್ಯ ಬರುತ್ತದೆ, ಇಲ್ಲದವರು ಹೊಸ ದರವನ್ನು ಎರಡು ತಿಂಗಳ ಮಟ್ಟಿಗೆ ಎಂದು ತಾರೀಖು ಬರೆದು ಒಪ್ಪಿಕೊಳ್ಳಲಿ. ಅದರಲ್ಲಿ ನಾಚಿಕೆಯೇನಿಲ್ಲ.

ದರ ಬದಲಾಗುವುದು ಮೊದಲೇ ತಿಳಿಯುವಂತೆಯೂ ಮಾಡಿಕೊಳ್ಳಬೇಕು. 2025ರಲ್ಲಿ ಕರ್ನಾಟಕ, ಆ್ಯಪ್‌ಗಳ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ಮಾಡಿತು. ಆ್ಯಪ್ ಕಂಪನಿ ಕರಾರಿನ ಷರತ್ತು ಬದಲಿಸುವುದಾದರೆ 14 ದಿನ ಮೊದಲು ತಿಳಿಸಬೇಕು ಎಂದು ಅದರಲ್ಲಿದೆ. ನೇರವಾಗಿ ಗಿರಾಕಿಯೊಡನೆ ವ್ಯವಹರಿಸುವ ಅನುವಾದಕಿಗೆ, ಡ್ರಾಫ್ಟ್ಸ್‌ಮನ್‌ಗೆ ಆ ರಕ್ಷಣೆಯಿಲ್ಲ. ತಮ್ಮ ಕರಾರಿನಲ್ಲಿ ಆ ಸಾಲನ್ನು ತಾವೇ ಬರೆದುಕೊಳ್ಳಬೇಕು. 30 ದಿನ ಎಂದು ಬರೆದರೂ ತಪ್ಪಲ್ಲ.

ಇನ್ನೊಂದು ಕೆಲಸ ಒಬ್ಬರಿಂದ ಆಗುವುದಲ್ಲ. ಶಿವಮೊಗ್ಗದ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆಯ ಧಾರಣೆ ಪತ್ರಿಕೆಗಳಲ್ಲಿ ಬರುತ್ತದೆ. ತೀರ್ಥಹಳ್ಳಿಯ ಮೂಲೆಯ ಬೆಳೆಗಾರನೂ ಅದನ್ನು ನೋಡಿಯೇ ಚೀಲ ಹೊರಡಿಸುತ್ತಾನೆ. ಬೆಳೆಗಾರರು 1939ರಲ್ಲೇ ಮ್ಯಾಮ್ಕೋಸ್ ಎಂಬ ಸಹಕಾರ ಸಂಘ ಕಟ್ಟಿಕೊಂಡು ಒಟ್ಟಾಗಿ ಮಾರುವುದನ್ನು ಕಲಿತರು. ಆದರೆ ಒಂದು ಪುಟದ ಅನುವಾದಕ್ಕೆ, ಒಂದು ನಿಮಿಷದ ಸಬ್‌ಟೈಟಲ್‌ಗೆ, ಒಂದು ಹಾಳೆ ಡ್ರಾಯಿಂಗ್‌ಗೆ ಇದೇ ಊರಿನಲ್ಲಿ ಎಷ್ಟು ನಡೆಯುತ್ತಿದೆ ಎಂದು ಪಕ್ಕದ ಬೀದಿಯವರಿಗೇ ಗೊತ್ತಿಲ್ಲ; ಹೇಳಿಕೊಂಡರೆ ಕೆಲಸ ಕೈತಪ್ಪೀತು ಎಂಬ ಹೆದರಿಕೆ. ಗಿರಾಕಿಗೆ ಮಾತ್ರ ಎಲ್ಲರ ದರವೂ ಗೊತ್ತು. ಈ ಎರಡು ಊರುಗಳಲ್ಲಿ ದುಡಿಯುವವರು ತಿಂಗಳಿಗೊಮ್ಮೆ ಒಂದು ಕಡೆ ಕೂತು, ಹೆಸರಿಲ್ಲದ ಚೀಟಿಯಲ್ಲಿ ತಂತಮ್ಮ ದರ ಬರೆದು ಹಾಕಿ, ಎಲ್ಲರೂ ಓದಿಕೊಳ್ಳಲಿ. ಮೊದಲ ಸಭೆಗೆ ಐದೇ ಜನ ಬಂದರೂ ಶುರುಮಾಡಬಹುದು.