ಹತ್ತು ಜನರ ಹುಲ್ಲುಕಡ್ಡಿ

‘ಹತ್ತು ಜನರ ಹುಲ್ಲುಕಡ್ಡಿ, ಒಬ್ಬನ ತಲೆಹೊರೆ’ ಎಂಬ ಗಾದೆಯನ್ನು ನಮ್ಮವರು ಬಹುಮಟ್ಟಿಗೆ ಜಾತ್ರೆಯ ವಂತಿಗೆಗೋ ಬಡವರ ಮನೆಯ ಮದುವೆಗೋ ಅನ್ವಯಿಸಿ ಅಷ್ಟಕ್ಕೇ ಬಿಡುವರು. ಆದರೆ ಕುಡಿತದ ಚಟವನ್ನು ಇಳಿಸಹೊರಟವನ ಪಾಡನ್ನು ಕಂಡವರಿಗೆ ಈ ಮಾತಿನ ಆಳವು ಬೇರೆಯಾಗಿಯೇ ತೋರುವುದು.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಸಂಜೆಯ ಪಾಳಿ ಬಿಡುವ ವೇಳೆಯನ್ನು ನೆನೆಯಿರಿ. ಕಾರ್ಖಾನೆಗಳಿಂದ ಹೊರಬಿದ್ದು ಬಸ್ ನಿಲ್ದಾಣದತ್ತ ಧಾವಿಸುವ ಮಂದಿಯ ನಡುವೆ, ಹಿಂದಿನ ದಿನವಷ್ಟೇ ಕುಡಿತವನ್ನು ತೊರೆದವನೊಬ್ಬನಿದ್ದಾನೆಂದು ಭಾವಿಸೋಣ. ಚಹದ ಕಪ್ಪನ್ನು ಎರಡು ಕೈಯಿಂದ ಹಿಡಿದರೂ ಅದು ಬಸಿಗೆ ತುಳುಕುತ್ತದೆ, ಹಣೆಯಲ್ಲಿ ಬೆವರು, ರಾತ್ರಿ ನಿದ್ರೆಯಿಲ್ಲ. ಬಹುಕಾಲ ಮಿತಿಮೀರಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಫಿಟ್ಸೂ ಚಿತ್ತಭ್ರಮೆಯೂ ತಲೆದೋರಿ ಪ್ರಾಣಕ್ಕೇ ಎರವಾಗಬಹುದಾದ್ದರಿಂದ, ಆ ಹತ್ತು ಜನರಲ್ಲಿ ಮೊದಲನೆಯವನು ವೈದ್ಯನೇ ಆಗಿರತಕ್ಕದ್ದು. ಅದಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಸಮೀಪದಲ್ಲೇ ಇದೆ.

ಔಷಧವು ನಡುಕವನ್ನು ನಿಲ್ಲಿಸೀತು. ಮನಸ್ಸು ಮದ್ಯದತ್ತ ಎಳೆಯುವ ಸಂಜೆಯ ಆ ಒಂದು ಗಳಿಗೆಯನ್ನು ದಾಟಿಸಲಾರದು. ಕಾನೂನೂ ದಾಟಿಸಲಾರದು: 2007ರ ಜುಲೈ 1ರಿಂದ ನಮ್ಮಲ್ಲಿ ಸಾರಾಯಿ ನಿಷಿದ್ಧವಾಯಿತು, ಪಾಕೀಟು ಮರೆಯಾಯಿತು, ತೃಷೆ ಉಳಿಯಿತು. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು ಈ ಮರ್ಮವನ್ನು ಬಲ್ಲವರಾಗಿದ್ದರು. 1975ರಲ್ಲಿ ಜೋಳಿಗೆ ಹಿಡಿದು ಹೊರಟ ಅವರು ಹಿಟ್ಟು ಕಾಳುಗಳನ್ನು ಬೇಡದೆ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ತಂಬಾಕಿನ ಚೀಟನ್ನು ಜೋಳಿಗೆಗೆ ಹಾಕುವವನು ಅದನ್ನು ತನ್ನ ಓಣಿಯ ಮಂದಿಯೆದುರಿಗೆ ಹಾಕುತ್ತಿದ್ದನಲ್ಲವೆ? ಅಂದಿನಿಂದ ಅವನ ಸಂಕಲ್ಪಕ್ಕೆ ಓಣಿಯೂ ಹೊಣೆ. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಾಡು ವ್ಯಸನಮುಕ್ತ ದಿನವೆಂದು ಆಚರಿಸುತ್ತಿರುವುದು ಯುಕ್ತವೇ ಆಗಿದೆ.

ಗಾದೆಯಲ್ಲಿ ಇನ್ನೊಂದು ಅರ್ಥವೂ ಅಡಗಿದೆಯೆಂದು ನನ್ನ ನಂಬುಗೆ: ಆ ಹತ್ತು ಜನರಲ್ಲಿ ಹೊರೆ ಹೊತ್ತವನೂ ಒಬ್ಬ. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ, ವ್ಯವಹಾರ ಕೈಗೂಡದೆ ಮತ್ತೆ ಮದ್ಯದತ್ತ ಮನಸ್ಸು ಎಳೆಯಲಾಗಿ, ಬಿಲ್ ವಿಲ್ಸನ್ ಎಂಬಾತನು ಹುಡುಕಿದ್ದು ತನ್ನಂತೆಯೇ ಕುಡಿತದಿಂದ ಬಳಲುವ ಮತ್ತೊಬ್ಬನನ್ನು. ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನೊಡನೆ ನಡೆದ ಆ ಮಾತುಕತೆಯಿಂದಲೇ ಕುಡಿತ ಬಿಡಬಯಸುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಅನ್ಯನಿಗೆ ಆಸರೆಯಾಗಹೋದವನು ತಾನೇ ಉಳಿದುಕೊಂಡನು. ಧರ್ಮಸ್ಥಳದ ಆಶ್ರಯದಲ್ಲಿ ಊರೂರಿನ ಸಭಾಭವನಗಳಲ್ಲಿ ನಡೆಯುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳೂ ಇದೇ ದಾರಿಯವು. ಶಿಬಿರ ಮುಗಿಸಿದವರು ‘ನವಜೀವನ ಸಮಿತಿ’ಗಳಾಗಿ ಕೂಡುವರು, ಗಾಂಧಿ ಜಯಂತಿಯ ಸುಮಾರಿಗೆ ಸಮಾವೇಶಗೊಂಡು ಸಂಭ್ರಮಿಸುವರು. ಇಂಥ ಕೂಟದಲ್ಲಿ ಒಬ್ಬನು ಎದ್ದುನಿಂತು, “ಇವತ್ತೂ ಕುಡದಿಲ್ರೀ ಅಣ್ಣಾರ” ಎಂದನೆಂದರೆ, ಚಪ್ಪಾಳೆ ತಟ್ಟುವ ಪ್ರತಿಯೊಬ್ಬನಿಗೂ ಆ ಒಂದು ದಿನದ ಬೆಲೆ ಗೊತ್ತು.

ಎಡವಿದ ಕಾಲೇ ಮತ್ತೆ ಎಡವುವುದುಂಟು. ಮರಳಿ ಕುಡಿದವನು ನಾಚಿಕೆಯಿಂದ ಮುಖ ಮರೆಸಿಕೊಂಡಾಗ, ಅವನ ಮನೆಗೆ ಹೋಗಿ ಕದ ತಟ್ಟಿ ಕರೆತರುವ ಕೂಟವನ್ನೇ ನಾನು ಕೂಟವೆನ್ನುವೆನು. ವರ್ಷ ತುಂಬಿದವನಿಗೆ ಶಾಲು ಹೊದಿಸುವ ದಿನ ಅವನ ಪಕ್ಕದಲ್ಲಿ ಹೆಂಡತಿಗೂ ಒಂದು ಕುರ್ಚಿ ಹಾಕಿರಿ. ಹತ್ತು ಜನರು ಬರುವ ಮುನ್ನ, ಎಷ್ಟೋ ವರ್ಷ, ಆ ಹೊರೆಯನ್ನು ಒಬ್ಬಳೇ ಹೊತ್ತವಳು ಆಕೆ.