ಊನೋದರ: ಒಂದು ತುತ್ತಿನ ನಿಯಮ

ಬಾಹ್ಯ ತಪಗಳು ಆರು. ಅವುಗಳಲ್ಲಿ ಮೊದಲನೆಯದಾದ ಅನಶನಕ್ಕೆ ದೊರೆಯುವ ಮನ್ನಣೆ ಎರಡನೆಯದಾದ ಅವಮೌದರ್ಯಕ್ಕೆ ದೊರೆಯದು. ಉಪವಾಸ ಮಾಡಿದವರನ್ನು ಬಸದಿಯಲ್ಲಿ ಗೌರವಿಸುವುದುಂಟು. ಹೊಟ್ಟೆ ತುಂಬುವ ಮುನ್ನವೇ ಎಲೆಯ ಮುಂದಿನಿಂದ ಎದ್ದವರನ್ನು ಯಾರೂ ಗಮನಿಸುವುದಿಲ್ಲ. ಮುನಿಗಳ ಆಚಾರವನ್ನು ನಿರೂಪಿಸುವ ಮೂಲಾಚಾರವು ಪುರುಷನ ಸಹಜ ಆಹಾರವನ್ನು 32 ತುತ್ತುಗಳೆಂದು ಎಣಿಸಿ, ಅದರಲ್ಲಿ ಒಂದೇ ಒಂದು ತುತ್ತನ್ನು ಬಿಟ್ಟರೂ ಅದು ಊನೋದರವೆಂದೇ ಪರಿಗಣಿಸುತ್ತದೆ. ದೇಹದ ಭಾರವನ್ನು ಇಳಿಸಲು ಹೊರಟ ಗೃಹಸ್ಥನಿಗೆ ಈ ತಪದಿಂದ ಕಲಿಯುವುದೇನಾದರೂ ಉಂಟೆ? ತಿಂಗಳುಗಟ್ಟಲೆ ಸಾಗಬೇಕಾದ ಆ ಸಂಕಲ್ಪ ನಡುದಾರಿಯಲ್ಲಿ ಕುಂದದಂತೆ ಉಳಿಯುವುದು ಹೇಗೆ?

ಪ್ರಶ್ನೆ ಕೆಲವರದಷ್ಟೇ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ 28ಕ್ಕೂ ಹೆಚ್ಚು ಮಂದಿ ಸ್ಥೂಲಕಾಯರು. ನೂರಕ್ಕೆ 11ಕ್ಕೂ ಹೆಚ್ಚು ಮಂದಿ ಮಧುಮೇಹಿಗಳು. ಸಸ್ಯಾಹಾರವೊಂದೇ ಇದಕ್ಕೆ ರಕ್ಷೆಯಾಗದು. ತುಪ್ಪ, ಬೆಲ್ಲ, ಅನ್ನಗಳು ಅಹಿಂಸಕ ಆಹಾರಗಳೇ ಆದರೂ ಮಿತಿ ಮೀರಿದರೆ ದೇಹಕ್ಕೆ ಭಾರವೇ.

ಮೈಸೂರಿನ ಕೆಸರೆಯಲ್ಲಿ ವಾಸಿಸುವ ಒಬ್ಬ ಶ್ರಾವಕನನ್ನು ನಿದರ್ಶನಕ್ಕಾಗಿ ಕಲ್ಪಿಸಿಕೊಳ್ಳಬಹುದು. ಬೆಳಿಗ್ಗೆ ಸ್ಕೂಟರಿನಲ್ಲಿ ಸಂತೇಪೇಟೆಯ ಅಂಗಡಿಗೆ ಹೋಗಿ ದಿನವಿಡೀ ಗಲ್ಲದ ಮುಂದೆ ಕುಳಿತಿರುತ್ತಾನೆ. ರಾತ್ರಿ ಒಂಬತ್ತಕ್ಕೆ ಮರಳಿ ಹೊಟ್ಟೆತುಂಬ ಉಣ್ಣುತ್ತಾನೆ. ಮನೆಮಂದಿಯೊಡನೆ ಶ್ರವಣಬೆಳಗೊಳಕ್ಕೆ ಹೋದಾಗ ವಿಂಧ್ಯಗಿರಿಯ ಮೆಟ್ಟಿಲುಗಳ ನಡುವೆ ಏದುಸಿರು ಬಂದು ಕುಳಿತುಬಿಡುತ್ತಾನೆ. ವಯೋವೃದ್ಧೆಯಾದ ತಾಯಿ ಮೇಲಿನ ಮೆಟ್ಟಿಲಲ್ಲಿ ಮಗನಿಗಾಗಿ ಕಾದು ನಿಲ್ಲುತ್ತಾಳೆ. ಆ ನಾಚಿಕೆಯಿಂದ ಹುಟ್ಟಿದ ಹಟ ಒಂದೆರಡು ತಿಂಗಳು ಚೆನ್ನಾಗಿ ನಡೆಯುತ್ತದೆ. ಅನಂತರ ತೂಕದ ಯಂತ್ರದ ಮುಳ್ಳು ನಿಂತಲ್ಲೇ ನಿಲ್ಲುತ್ತದೆ, ಹಟವೂ ನಿಲ್ಲುತ್ತದೆ.

ಮುಳ್ಳು ನಿಲ್ಲುವುದು ಅವನ ದೋಷವಲ್ಲ. ಮೈ ಇಳಿದಂತೆ ದೇಹವು ವ್ಯಯಿಸುವ ಶಕ್ತಿಯೂ ಇಳಿಯುತ್ತದೆ, ಹಸಿವೆಯಾದರೋ ಹೆಚ್ಚುತ್ತದೆ. ಮೊದಲ ತಿಂಗಳ ವೇಗ ಆರನೆಯ ತಿಂಗಳಲ್ಲಿ ಇರಲಾರದು. ದೋಷವಿರುವುದು ಫಲದ ಮೇಲೆ ನೆಟ್ಟ ದೃಷ್ಟಿಯಲ್ಲಿ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಿಂದ ಮುಕ್ತನಾದವನೇ ವ್ರತಿ ಎಂಬುದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ನಿದಾನವೆಂದರೆ ವ್ರತದ ಪ್ರತಿಯಾಗಿ ಭೋಗಫಲವನ್ನು ಬಯಸುವುದು. ಪ್ರತಿದಿನದ ಸಂಯಮಕ್ಕೆ ಪ್ರತಿದಿನವೂ ಕೂಲಿ ಕೇಳುವವನ ಮನಸ್ಸು ಕೂಲಿ ತಪ್ಪಿದ ದಿನವೇ ಕೆಲಸ ಬಿಡುತ್ತದೆ.

ಹಾಗಾದರೆ ಆಧಾರವೇನು? ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ತ್ಯಾಗವನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ: ಜೀವಿತಾಂತ್ಯದವರೆಗಿನದು ಯಮ, ಕಾಲಮಿತಿಯುಳ್ಳದ್ದು ನಿಯಮ. ನಿಯಮವು ಒಂದು ದಿನದ್ದಾಗಬಹುದು, ಒಂದು ಪಕ್ಷದ್ದಾಗಬಹುದು, ಒಂದು ಮಾಸ ಅಥವಾ ಋತುವಿನದ್ದಾಗಬಹುದು. ಗೃಹಸ್ಥನ ಶಕ್ತಿಯನ್ನು ಬಲ್ಲವರ ಮಾತಿದು. ಇಪ್ಪತ್ತು ಕಿಲೋ ಇಳಿಸುವೆನೆಂಬುದು ವ್ರತವಾಗಲಾರದು, ಅದು ಮನುಷ್ಯನ ಕೈಯಲ್ಲಿಲ್ಲ. ಇಂದು ಸೂರ್ಯಾಸ್ತದೊಳಗೆ ಉಣ್ಣುವೆನು, ಎರಡನೆಯ ಸಲ ಅನ್ನ ಬಡಿಸಿಕೊಳ್ಳೆನು ಎಂಬುದು ಕೈಯಲ್ಲಿದೆ. ಕೆಸರೆಯ ಶ್ರಾವಕನು ಸಂಜೆಯ ಬುತ್ತಿಯನ್ನು ಅಂಗಡಿಗೇ ಒಯ್ದರೆ ರಾತ್ರಿಭೋಜನ ತ್ಯಾಗವೂ ಆಯಿತು, ತೂಕಡಿಸುತ್ತ ಉಣ್ಣುವ ಭಾರೀ ಊಟವೂ ತಪ್ಪಿತು.

ನಿಯಮ ಮುರಿಯುವ ದಿನಗಳೂ ಬರುತ್ತವೆ. ಮದುವೆಮನೆಯ ಹೋಳಿಗೆಯ ಮುಂದೆ ಸೋತವನು, ಹೇಗೂ ಕೆಟ್ಟಿತಲ್ಲ ಎಂದು ವಾರವಿಡೀ ಕೆಡಿಸಿಕೊಳ್ಳುವುದೇ ನಿಜವಾದ ಹಾನಿ. ಇದಕ್ಕೆ ಜೈನಾಚಾರ ಕಲಿಸಿದ ಉಪಾಯ ಪ್ರತಿಕ್ರಮಣ ಮತ್ತು ಪ್ರತ್ಯಾಖ್ಯಾನ. ಆದ ದೋಷವನ್ನು ಅಂದೇ ಒಪ್ಪಿ ನಿಂದಿಸಿಕೊಳ್ಳುವುದು ಮೊದಲನೆಯದು. ಮುಂದಕ್ಕೆ ಮತ್ತೆ ತ್ಯಾಗವನ್ನು ಸ್ವೀಕರಿಸುವುದು ಎರಡನೆಯದು. ನಿಂದಿಸುವುದು ದೋಷವನ್ನೇ ಹೊರತು ಜೀವವನ್ನಲ್ಲ.

ಎಚ್ಚರವೂ ಬೇಕು. ವೈದ್ಯರು ಹೇಳಿದ ಪಥ್ಯವನ್ನು ತಪಸ್ಸೆಂದು ಮೆರೆಸುವುದು ಮಾಯೆಯಾದೀತು. ಅಷ್ಟಮಿಯಂದು ಉಪವಾಸವಿದ್ದು ಪಾರಣೆಯಲ್ಲಿ ಎರಡರಷ್ಟು ಉಣ್ಣುವುದರಿಂದ ದೇಹಕ್ಕೂ ಆತ್ಮಕ್ಕೂ ಲಾಭವಿಲ್ಲ. ಮಧುಮೇಹದ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ನಿರಾಹಾರವಿದ್ದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಇಂಥವರು ಯಥಾಶಕ್ತಿ ಊನೋದರವನ್ನು ಆಯ್ದುಕೊಂಡರೆ ಅದು ಕೀಳ್ಮಟ್ಟದ ಧರ್ಮವೆನಿಸದು. ಶಕ್ತಿಯನ್ನು ಮರೆಮಾಚದಿರುವುದು ಎಷ್ಟು ಮುಖ್ಯವೋ ಮೀರದಿರುವುದೂ ಅಷ್ಟೇ ಮುಖ್ಯ.

ಸಮಾಜದ ಪಾಲೂ ಇದರಲ್ಲಿದೆ. ಸ್ಥೂಲಕಾಯರನ್ನು ಪಂಕ್ತಿಯಲ್ಲಿ ಹಾಸ್ಯ ಮಾಡುವುದು ವಚನಹಿಂಸೆ. ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದವರಿಗೆ ಬಲವಂತವಾಗಿ ಬಡಿಸುವುದು ಉಪಚಾರವಲ್ಲ, ಇನ್ನೊಬ್ಬರ ನಿಯಮಕ್ಕೆ ಮಾಡುವ ಅಂತರಾಯ. ಬಸದಿಗಳ ಆಡಳಿತ ಮಂಡಳಿಯವರು ಪೂಜೆಯ ನಂತರದ ಭೋಜನದಲ್ಲಿ ಭಕ್ಷ್ಯಗಳ ಸಂಖ್ಯೆಯನ್ನು ಮಿತಗೊಳಿಸಿದರೆ ಹಲವರ ಸಂಕಲ್ಪಕ್ಕೆ ಆಸರೆಯಾಗುತ್ತದೆ.

ಕೆಸರೆಯ ಶ್ರಾವಕನು ಮುಂದೊಮ್ಮೆ ವಿಂಧ್ಯಗಿರಿಯನ್ನು ನಿಲ್ಲದೆ ಏರುವನೋ, ಮತ್ತೆ ನಡುವೆ ಕುಳಿತುಕೊಳ್ಳುವನೋ ಹೇಳಲಾಗದು. ಆದರೆ ಸೂರ್ಯ ಮುಳುಗುವ ಹೊತ್ತಿಗೆ ಬುತ್ತಿಯ ಡಬ್ಬಿಯನ್ನು ಮುಚ್ಚಿ, ಇಂದಿನ ನಿಯಮ ಉಳಿಯಿತು ಎಂದು ಅವನು ಸತ್ಯವಾಗಿ ಹೇಳಬಲ್ಲನಾದರೆ, ನಾಳಿನ ನಿಯಮಕ್ಕೆ ಬೇಕಾದ ಬಲ ಅಷ್ಟರಿಂದಲೇ ಒದಗುತ್ತದೆ.